ಮಕ್ಕಳ ರಕ್ತದ ಕ್ಯಾನ್ಸರ್: ಎರಡು ಪ್ರಶ್ನೆಗಳು

ಸಿಂಧನೂರಿನ ಕಾಲುವೆಯ ಬದಿಯ ಊರೊಂದರ ನಾಲ್ಕು ವರ್ಷದ ಹುಡುಗನ ಮಾತಿದು. ಅವನ ಅಣ್ಣ ನನ್ನ ವಿದ್ಯಾರ್ಥಿ. ಹುಡುಗ ಕಾಲುನೋವೆಂದು ಅಳುತ್ತಿದ್ದ, ಕುಂಟುತ್ತಿದ್ದ. ಎಲ್ಲೋ ಬಿದ್ದಿರಬೇಕೆಂದು ಮನೆಯವರು ಎಣ್ಣೆ ತಿಕ್ಕಿಸಿದರು. ಮುಖ ಬಿಳಿಚಿತು, ಜ್ವರ ಬಿಟ್ಟು ಬಿಟ್ಟು ಬಂತು, ಪೆಟ್ಟು ಬೀಳದ ಮೈಮೇಲೆ ನೀಲಿ ಕಲೆಗಳೆದ್ದವು. ಕೊನೆಗೆ ಬೆಂಗಳೂರಿನಲ್ಲಿ ಎಲುಬಿನ ಮಜ್ಜೆಯನ್ನು ಪರೀಕ್ಷಿಸಿದಾಗ ರೋಗದ ಹೆಸರು ತಿಳಿಯಿತು: ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ.

ತಾಯಿ ನನ್ನನ್ನು ಕೇಳಿದರು: "ನಮ್ಮ ಮನಿತನದಾಗ ಏನರ ದೋಷ ಐತೇನ್ರಿ, ಮಾಸ್ತರ?" ತಿಂಗಳು ಕಳೆದ ಮೇಲೆ ತಂದೆ ಕೇಳಿದರು: "ಹುಡುಗ ಜಿಗಿದಾಡಾಕತ್ಯಾನಲ್ರಿ, ಇನ್ನ ಯಾಕ ಬೆಂಗಳೂರು? ಭತ್ತ ಕೊಯ್ಲಿಗೆ ಬಂದೈತಿ." ಈ ಎರಡು ಪ್ರಶ್ನೆಗಳಿಗೆ ನಾನು ಓದಿ ಕೇಳಿ ತಿಳಿದ ಉತ್ತರವನ್ನು ನಿಮ್ಮ ಮುಂದಿಡುತ್ತೇನೆ.

ಎಲುಬಿನೊಳಗಿನ ಮಜ್ಜೆಯೇ ರಕ್ತದ ಕಮ್ಮಟ. ಅಲ್ಲಿ ಲಿಂಫೋಸೈಟ್ ಎಂಬ ಬಿಳಿಯ ಕಣವಾಗಬೇಕಾದ ಎಳೆಯ ಕಣವೊಂದು ಬಲಿಯದೆ, ಒಂದು ಎರಡಾಗಿ, ಎರಡು ನಾಲ್ಕಾಗಿ ಮಜ್ಜೆಯನ್ನೆಲ್ಲ ತುಂಬಿಬಿಡುತ್ತದೆ. ಆಗ ಕೆಂಪು ಕಣಗಳಿಗೆ ಎಡೆಯಿಲ್ಲ, ಮಗು ಬಿಳಿಚುತ್ತದೆ. ರಕ್ತವನ್ನು ತಡೆದು ನಿಲ್ಲಿಸುವ ಪ್ಲೇಟ್‌ಲೆಟ್‌ಗಳು ಕಡಿಮೆಯಾಗಿ ಮೈಮೇಲೆ ಕಲೆಗಳೇಳುತ್ತವೆ, ಒಸಡಿನಲ್ಲಿ ರಕ್ತ ಒಸರುತ್ತದೆ. ಸೋಂಕನ್ನು ಎದುರಿಸುವ ಕಣಗಳು ತಗ್ಗಿ ಜ್ವರ ಬರುತ್ತದೆ. ಎಲುಬು ನೋಯುತ್ತದೆ. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಈ ರೋಗ ಹೆಚ್ಚು.

ಇನ್ನು ತಾಯಿಯ ಪ್ರಶ್ನೆ. ನಮ್ಮ ಜೀವಕಣದಲ್ಲಿ 46 ವರ್ಣತಂತುಗಳಿವೆ. ಅವನ್ನು ಓಲೆಗರಿಯ ಕಟ್ಟೆಂದು ಭಾವಿಸಿ. ಕಣವೊಂದು ಎರಡಾಗುವಾಗಲೆಲ್ಲ ಆ ಕಟ್ಟಿನ ಪ್ರತಿಯಾಗಬೇಕು. ಎಂಥ ಲಿಪಿಕಾರನೂ ಒಮ್ಮೊಮ್ಮೆ ಕೈತಪ್ಪುವುದುಂಟು. ಒಂದು ಗರಿಯ ತುಂಡು ಇನ್ನೊಂದಕ್ಕೆ ಸೇರಿಬಿಡುತ್ತದೆ. ಇಂಥ ತಪ್ಪು ಬಹುಮಟ್ಟಿಗೆ ಮಗುವಿನ ರಕ್ತಕಣದಲ್ಲೇ ಹುಟ್ಟಿದ್ದು, ತಂದೆತಾಯಿಗಳಿಂದ ಇಳಿದು ಬಂದದ್ದಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೂ ಕೆಲವು ಅಪರೂಪದ ಮನೆತನಗಳಿಗೂ ಅಪಾಯ ಹೆಚ್ಚೆಂಬುದು ನಿಜ. ಆದರೆ ಇದು ಪಾಪದ ಫಲವಲ್ಲ, ಅಂಟುಜಾಡ್ಯವೂ ಅಲ್ಲ.

ಆ ತಪ್ಪನ್ನು ಓದುವುದರಿಂದ ಪ್ರಯೋಜನವೇನು? ನಮ್ಮ ಮಸ್ಕಿಯ ಬಂಡೆಯನ್ನು ನೆನೆಯಿರಿ. 'ದೇವಾನಾಂಪ್ರಿಯ' ಎಂಬ ಬಿರುದು ಹಲವು ಶಾಸನಗಳಲ್ಲಿತ್ತು. ಆ ಬಿರುದಿನ ಅರಸು ಅಶೋಕನೇ ಎಂದು ಹೆಸರಿಟ್ಟು ಹೇಳಿದ್ದು 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನ. ಹಾಗೆಯೇ, ಹೊರಗೆ ಒಂದೇ ಎಂದು ಕಾಣುವ ಈ ರೋಗದ ಒಳಭೇದವನ್ನು ವರ್ಣತಂತುಗಳು ಹೇಳುತ್ತವೆ. ರೋಗದ ಕಣದಲ್ಲಿ ವರ್ಣತಂತುಗಳು 50ಕ್ಕಿಂತ ಹೆಚ್ಚಿದ್ದರೆ, ಅಥವಾ 12 ಮತ್ತು 21ನೆಯವು ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದರೆ, ಗುಣವಾಗುವ ಸಂಭವ ಹೆಚ್ಚು. 9 ಮತ್ತು 22ನೆಯವು ಹಾಗೆ ಮಾಡಿಕೊಂಡಿದ್ದರೆ ರೋಗ ಹಟಮಾರಿ. ಅದಕ್ಕೂ ಇಮ್ಯಾಟಿನಿಬ್‌ನಂಥ ಔಷಧವನ್ನು ಜೊತೆಗೂಡಿಸಿದ ಮೇಲೆ ಫಲ ಎಷ್ಟೋ ಸುಧಾರಿಸಿದೆ.

ತಂದೆಯ ಪ್ರಶ್ನೆಗೆ ಉತ್ತರ ಇತಿಹಾಸದಲ್ಲಿದೆ. 1948ರಲ್ಲಿ ಬಾಸ್ಟನ್ ನಗರದ ವೈದ್ಯ ಸಿಡ್ನಿ ಫಾರ್ಬರ್ ಅವರು ಅಮಿನಾಪ್ಟೆರಿನ್ ಎಂಬ ಔಷಧದಿಂದ ಕೆಲವು ಮಕ್ಕಳ ರೋಗ ಹಿಮ್ಮೆಟ್ಟಿತೆಂದು ಪ್ರಕಟಿಸಿದರು. ಆ ಔಷಧವನ್ನು ಒದಗಿಸಿದ್ದು ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಆದರೆ ಆ ಗೆಲುವು ಕೆಲವೇ ತಿಂಗಳದ್ದು, ರೋಗ ಮರಳಿತು. ಕಣ್ಣಿಗೆ ಕಾಣದಷ್ಟು ಉಳಿದ ಕಣಗಳೇ ಅದಕ್ಕೆ ಕಾರಣ. "ಕಸ ತೆಗೆದ ಮಡಿಯಾಗ ಕಸದ ಬೀಜ ಉಳಿದಿರೋದಿಲ್ಲೇನು?" ಎಂದು ನಾನು ಆ ರೈತನನ್ನು ಕೇಳಿದೆ. ಅವರು ಮಾತಾಡಲಿಲ್ಲ. ಮರುವಾರ ಕೊಯ್ಲನ್ನು ತಮ್ಮನಿಗೆ ಒಪ್ಪಿಸಿ ಬಸ್ಸು ಹತ್ತಿದರು.

ಮೊದಲ ತಿಂಗಳಲ್ಲಿ ರೋಗ ಅಡಗುತ್ತದೆ, ಅಳಿಯುವುದಿಲ್ಲ. ಆಮೇಲೆ ಬೆನ್ನುಹುರಿಯ ನೀರಿಗೂ ಔಷಧ ಸೇರಿಸಬೇಕು, ಮಾತ್ರೆಗಳನ್ನು ಮುಂದುವರಿಸಬೇಕು. ಒಟ್ಟು ಚಿಕಿತ್ಸೆ ಎರಡರಿಂದ ಮೂರು ವರ್ಷ. ಹೀಗೆ ಪೂರೈಸುವ ಅನುಕೂಲವಿರುವ ದೇಶಗಳಲ್ಲಿ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ. ಈ ಅವಧಿಯಲ್ಲಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ನಾಳೆಗೆಂದು ಇಡಬಾರದು.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಮಗುವೊಂದು ಬಿಳಿಚಿ, ಜ್ವರ ಬಿಡದೆ, ಎಲುಬು ನೋವೆಂದು ಅಳುತ್ತಿದ್ದರೆ, ಎಣ್ಣೆ ತಿಕ್ಕುತ್ತ ದಿನ ಕಳೆಯಬೇಡಿ. ಇಂಥ ನೋವುಗಳಿಗೆ ಕಾರಣ ಸಾಮಾನ್ಯವಾಗಿ ಬೇರೆಯೇ ಇರುತ್ತದೆ. ಆದರೂ ಲಿಂಗಸುಗೂರಿನಲ್ಲೋ ಸಿಂಧನೂರಿನಲ್ಲೋ ಒಂದು ರಕ್ತಪರೀಕ್ಷೆ ಮಾಡಿಸಿ. ಸಂಶಯ ಬಂದರೆ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಿದೆ. ಸರಕಾರದ ಆರೋಗ್ಯ ಯೋಜನೆಗಳಿಂದ ಸಿಗುವ ನೆರವನ್ನು ಅಲ್ಲಿಯೇ ವಿಚಾರಿಸಿ.

ಆ ಹುಡುಗನ ಔಷಧ ಮುಗಿದಿದೆ. ತಪಾಸಣೆಗೆ ಹೋಗಿಬರುತ್ತಾನೆ. ಈಗ ಎರಡನೆಯ ತರಗತಿ. ಒತ್ತಕ್ಷರ ತಪ್ಪುತ್ತಾನೆಂದು ಅವನ ಅಣ್ಣನ ದೂರು.