ಬಂದರಿನಲ್ಲಿ ಹಡಗು ನಿಂತರೆ ಅತ್ತಿಗುಂಡಿಗೇನು?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷ ಒಂದು ಹಳ್ಳಿಯ ಸಹಕಾರ ಸಂಘ ಬಾಗಿಲು ಮುಚ್ಚದೆ ನಡೆದುಬಂದಿದೆ ಎಂದರೆ ಅದು ಸಣ್ಣ ಮಾತಲ್ಲ. ಇಂಥ ಸಂತೋಷದ ದಿನ ನನಗೆ ಕೊಟ್ಟಿರುವ ವಿಷಯ ಬಂದರುಗಳಲ್ಲಿ ಹಡಗುಗಳ ನೂಕುನುಗ್ಗಲು ಮತ್ತು ಅದರಿಂದಾಗುವ ವಿಳಂಬ. ವಿಷಯ ಕೇಳಿದ ಹಿರಿಯರೊಬ್ಬರು, "ಗಿರಿ ಮೇಲೆ ಕೂತವರಿಗೆ ಸಮುದ್ರದ ಸುದ್ದಿ ಯಾಕ್ರೀ? ಇಲ್ಲಿ ಮಳೆಗಾಲದಲ್ಲಿ ಕರೆಂಟು ಬಂದರೆ ಸಾಕಾಗಿದೆ" ಅಂದರು. ಅವರ ಪ್ರಶ್ನೆಗೆ ಉತ್ತರ ಕೊಡುವುದೇ ಈ ಭಾಷಣದ ಉದ್ದೇಶ.

ಮೊದಲನೆಯ ಉತ್ತರ ನಮ್ಮ ಗಿರಿಯಲ್ಲೇ ಇದೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್‌ರವರು ಯೆಮೆನ್ ದೇಶದ ಮೋಕಾ ಬಂದರಿನಿಂದ ಏಳು ಕಾಫಿ ಬೀಜ ತಂದು ಇಲ್ಲಿ ಊರಿದರೆಂಬ ಪ್ರತೀತಿ ನಮಗೆಲ್ಲ ಗೊತ್ತು. ಆ ಮೋಕಾ ಇರುವುದು ಕೆಂಪು ಸಮುದ್ರದ ದಂಡೆಯ ಮೇಲೆ, ಬಾಬ್ ಎಲ್ ಮಂದೇಬ್ ಎಂಬ ಇಕ್ಕಟ್ಟಾದ ಜಲಸಂಧಿಯ ಹತ್ತಿರ. ನಮ್ಮ ಕಾಫಿ ಯೂರೋಪಿಗೆ ಹೋಗುವ ಹತ್ತಿರದ ದಾರಿಯೂ ಅದೇ. 2023ರ ಕೊನೆಯಲ್ಲಿ ಹಡಗುಗಳು ಹೆದರಿ ಹಿಂದಿರುಗಿದ್ದೂ ಅದೇ ಜಾಗದಿಂದ. ಬೀಜ ಬಂದ ದಾರಿ ಬಂದ್ ಆದರೆ ಬೆಳೆ ಹೋಗುವ ದಾರಿಯೂ ಬಂದ್ ಆದ ಹಾಗೆ.

ಎರಡನೆಯ ಉತ್ತರ ಲೆಕ್ಕದ್ದು. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಎಪ್ಪತ್ತು ಭಾಗ ನಮ್ಮ ಕರ್ನಾಟಕದ್ದು. ದೇಶದ ಕಾಫಿಯಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚು ಹೊರದೇಶಕ್ಕೆ ಹೋಗುತ್ತದೆ. ಕೊಳ್ಳುವವರಲ್ಲಿ ಇಟಲಿ ಮೊದಲು. ಜರ್ಮನಿ, ಬೆಲ್ಜಿಯಂ, ರಷ್ಯಾ ಮುಂದಿನವು. 1996ರಲ್ಲಿ ಕಾಫಿ ಬೋರ್ಡಿನ ಪೂಲ್ ಪದ್ಧತಿ ಪೂರ್ತಿ ನಿಂತ ಮೇಲೆ ನಾವು ನೇರವಾಗಿ ಲೋಕದ ಸಂತೆಯಲ್ಲಿ ನಿಂತಿದ್ದೇವೆ. ಪೂಲ್ ಇದ್ದಾಗ ಹಣ ಕಂತಿನಲ್ಲಿ ನಿಧಾನವಾಗಿ ಬರುತ್ತಿತ್ತು ಎಂಬ ದೂರು ಇತ್ತು, ನಿಜ. ಆದರೆ ಹಡಗು ಹೊರಡದಿದ್ದರೆ ಆ ತಲೆನೋವು ಬೋರ್ಡಿನದಾಗಿತ್ತು. ಈಗ ಅದು ಕೈಯಿಂದ ಕೈಗೆ ಇಳಿದು ಕೊನೆಗೆ ನಮ್ಮ ಮನೆ ಬಾಗಿಲಿಗೆ ಬರುತ್ತದೆ.

ಇನ್ನು ಈ ಕಂಟೇನರ್ ಎಂಬ ಪೆಟ್ಟಿಗೆಯ ವಿಚಾರ. 1956ರ ಏಪ್ರಿಲ್ 26ರಂದು ಅಮೆರಿಕದ ಲಾರಿ ಮಾಲೀಕ ಮಾಲ್ಕಮ್ ಮೆಕ್ಲೀನ್ ಎಂಬವರು 58 ಪೆಟ್ಟಿಗೆಗಳನ್ನು 'ಐಡಿಯಲ್ ಎಕ್ಸ್' ಎಂಬ ಹಡಗಿನಲ್ಲಿ ನ್ಯೂಆರ್ಕಿನಿಂದ ಹ್ಯೂಸ್ಟನ್ನಿಗೆ ಕಳಿಸಿದರು. ಅಲ್ಲಿಗೆ ಹಮಾಲರು ಚೀಲ ಚೀಲ ಹೊತ್ತು ಹಡಗು ತುಂಬುವ ಕಾಲ ಮುಗಿಯಲು ಶುರುವಾಯಿತು. ಈಗ ಇಪ್ಪತ್ತು ಅಡಿಯ ಒಂದು ಪೆಟ್ಟಿಗೆಯಲ್ಲಿ 60 ಕಿಲೋದ 320 ಚೀಲ, ಅಂದರೆ 19 ಟನ್‌ಗೂ ಮೇಲೆ ಕಾಫಿ ಹಿಡಿಯುತ್ತದೆ. ಎರಡೆಕರೆಯವನ ವರ್ಷದ ಬೆಳೆ ಅದರ ಒಂದು ಮೂಲೆಯನ್ನೂ ತುಂಬುವುದಿಲ್ಲ. ಹಾಗಿದ್ದರೂ ಆ ಪೆಟ್ಟಿಗೆ ನಿಂತರೆ ಆ ಎರಡೆಕರೆಯವನೂ ನಿಲ್ಲುತ್ತಾನೆ.

ಬಂದರಿನಲ್ಲಿ ನೂಕುನುಗ್ಗಲು ಯಾಕಾಗುತ್ತದೆ ಅಂತ ತಿಳಿಯಲು ಬಂದರಿಗೇ ಹೋಗಬೇಕಿಲ್ಲ, ನಮ್ಮ ಕಣ ನೋಡಿದರೆ ಸಾಕು. ಡಿಸೆಂಬರಿನಲ್ಲಿ ಹಣ್ಣು ಒಟ್ಟಿಗೇ ಬಂದುಬಿಡುತ್ತದೆ. ಪಲ್ಪರ್ ಓಡುತ್ತಿದೆ, ಆಳುಗಳು ಬಂದಿದ್ದಾರೆ, ಎಲ್ಲ ಸರಿ. ಆಗ ಎರಡು ದಿನ ಅಕಾಲ ಮಳೆ ಹಿಡಿಯಿತು ಅನ್ನಿ. ಕಣದ ಮೇಲಿರುವ ಪಾರ್ಚ್‌ಮೆಂಟು ಒಣಗಲಿಲ್ಲ, ತೆಗೆಯುವ ಹಾಗಿಲ್ಲ. ಕಣ ಖಾಲಿಯಾಗದೆ ತೊಟ್ಟಿ ಖಾಲಿಯಾಗಲಿಲ್ಲ. ತೊಟ್ಟಿ ಖಾಲಿಯಾಗದೆ ಪಲ್ಪರ್ ನಿಂತಿತು. ಪಲ್ಪರ್ ನಿಂತ ಮೇಲೆ ಕೊಯ್ಲು ನಿಲ್ಲಿಸಬೇಕು, ಹಣ್ಣು ಗಿಡದಲ್ಲೇ ಉದುರುತ್ತದೆ. ಮಳೆ ಬಂದದ್ದು ಎರಡೇ ದಿನ, ತೊಂದರೆ ಮಾತ್ರ ಹದಿನೈದು ದಿನ. ಬಂದರಿನ ಕತೆಯೂ ಇಷ್ಟೇ. ಇಳಿಸಿದ ಪೆಟ್ಟಿಗೆಯನ್ನು ಲಾರಿ, ರೈಲು ಸಾಗಿಸದಿದ್ದರೆ ಅಂಗಳ ತುಂಬುತ್ತದೆ. ಅಂಗಳ ತುಂಬಿದರೆ ಕ್ರೇನಿಗೆ ಇಡಲು ಜಾಗವಿಲ್ಲ. ಕ್ರೇನು ನಿಂತರೆ ಹಡಗು ಹೊರಡದು. ಅದು ಹೊರಡದೆ ಹಿಂದಿನದು ಒಳಗೆ ಬರದು. ಒಂದು ಬಂದರಿಗೆ ತಡವಾದ ಹಡಗು ಮುಂದಿನ ನಾಲ್ಕು ಬಂದರಿಗೂ ತಡ.

2020ರ ಕೊರೋನಾ ನಂತರ ಆದದ್ದು ಇದೇ. ಅಮೆರಿಕದ ಜನ ಮನೆಯಲ್ಲಿ ಕೂತು ಸಾಮಾನು ತರಿಸತೊಡಗಿದರು. ಇಳಿಸುವ ಕೈ ಕಡಿಮೆ, ಬರುವ ಪೆಟ್ಟಿಗೆ ಹೆಚ್ಚು. 2021ರ ಕೊನೆಯ ಹೊತ್ತಿಗೆ ಲಾಸ್ ಏಂಜಲೀಸ್, ಲಾಂಗ್ ಬೀಚ್ ಬಂದರುಗಳ ಸರದಿಯಲ್ಲಿ ನೂರಕ್ಕೂ ಹೆಚ್ಚು ಹಡಗುಗಳಿದ್ದವು. ಪೆಟ್ಟಿಗೆಗಳೆಲ್ಲ ಅಲ್ಲೇ ಸಿಕ್ಕಿಕೊಂಡು ನಮ್ಮ ಕಡೆ ಖಾಲಿ ಪೆಟ್ಟಿಗೆಗೆ ಬರ ಬಂತು. 2019ರಲ್ಲಿ ಒಂದೂವರೆ ಸಾವಿರ ಡಾಲರ್ ಆಸುಪಾಸಿನಲ್ಲಿದ್ದ 40 ಅಡಿ ಪೆಟ್ಟಿಗೆಯ ಸರಾಸರಿ ಬಾಡಿಗೆ 2021ರ ಸೆಪ್ಟೆಂಬರಿನಲ್ಲಿ ಹತ್ತು ಸಾವಿರ ಡಾಲರ್ ದಾಟಿತು.

ಅದರ ನಡುವೆಯೇ, 2021ರ ಮಾರ್ಚ್ 23ರಂದು 'ಎವರ್ ಗಿವನ್' ಎಂಬ 400 ಮೀಟರ್ ಉದ್ದದ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡಿತು. ಅದರ ಸಿಬ್ಬಂದಿಯೆಲ್ಲ ನಮ್ಮ ಭಾರತೀಯರೇ. ರಜಾ ದಿನ ಗಿರಿ ರಸ್ತೆಯ ತಿರುವಿನಲ್ಲಿ ಒಂದು ಬಸ್ಸು ಅಡ್ಡ ನಿಂತರೆ ಕೈಮರದ ಚೆಕ್‌ಪೋಸ್ಟಿನವರೆಗೆ ಗಾಡಿ ಸಾಲು ನಿಲ್ಲುವುದನ್ನು ಅತ್ತಿಗುಂಡಿಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಅಲ್ಲಿ ಆರು ದಿನ ಹಾಗೇ ಆಯಿತು, ನಾನೂರರಷ್ಟು ಹಡಗುಗಳು ಕಾದವು. ದಾರಿ ಬಿಟ್ಟ ಮೇಲೆ ಅವೆಲ್ಲ ಒಟ್ಟಿಗೇ ಯೂರೋಪಿನ ಬಂದರುಗಳಿಗೆ ನುಗ್ಗಿದವು, ಅಲ್ಲಿ ಇನ್ನೊಂದು ಸುತ್ತಿನ ಜಾಮ್.

ಆಮೇಲೆ ಕೆಂಪು ಸಮುದ್ರ. 2023ರ ನವೆಂಬರ್ 19ರಂದು ಯೆಮೆನ್ನಿನ ಹೌತಿಗಳು 'ಗ್ಯಾಲಕ್ಸಿ ಲೀಡರ್' ಎಂಬ ಹಡಗನ್ನು ಹಿಡಿದರು. ಹಡಗುಗಳ ಮೇಲೆ ದಾಳಿ ಹೆಚ್ಚಿದಂತೆ ಡಿಸೆಂಬರಿನಲ್ಲಿ ದೊಡ್ಡ ಕಂಪನಿಗಳು ಆ ದಾರಿ ಬಿಟ್ಟವು. 2024, 2025ರಲ್ಲಿ ಬಹುಪಾಲು ಕಂಟೇನರ್ ಹಡಗುಗಳು ಆಫ್ರಿಕಾದ ತುದಿಯ ಗುಡ್ ಹೋಪ್ ಭೂಶಿರ ಸುತ್ತಿಯೇ ಯೂರೋಪು ಸೇರಿದವು. ಹತ್ತರಿಂದ ಹದಿನೈದು ದಿನ ಹೆಚ್ಚಿನ ಪ್ರಯಾಣ. ವೇಳಾಪಟ್ಟಿ ತಪ್ಪಿದ ಹಡಗುಗಳು ಗುಂಪುಗುಂಪಾಗಿ ಬಂದದ್ದರಿಂದ 2024ರ ಮಧ್ಯದಲ್ಲಿ ಸಿಂಗಪುರದಂಥ ಬಂದರೂ ಏದುಸಿರು ಬಿಟ್ಟಿತು. ಕೊಲಂಬೊದಲ್ಲೂ ಒತ್ತಡ ಹೆಚ್ಚಿತು. ಕೊಲಂಬೊ ಯಾಕೆ ಮುಖ್ಯ ಅಂದರೆ, ಮಂಗಳೂರಿಗೆ ಬರುವುದು ಸಾಮಾನ್ಯವಾಗಿ ಸಣ್ಣ ಹಡಗುಗಳು. ಅವು ಪೆಟ್ಟಿಗೆಗಳನ್ನು ಕೊಲಂಬೊದಂಥ ಕಡೆ ಒಯ್ದು ದೊಡ್ಡ ಹಡಗಿಗೆ ದಾಟಿಸಬೇಕು. ಅಲ್ಲಿ ಒಂದು ಹಡಗು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು.

ನಮ್ಮ ಬಂದರಿನ ಬಗ್ಗೆಯೂ ಒಂದು ಮಾತು. ಪಣಂಬೂರಿನ ಹೊಸ ಮಂಗಳೂರು ಬಂದರನ್ನು 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಬಂದರು ನಮಗೆ ಹತ್ತಿರವೇ, ಆದರೆ ಮಧ್ಯೆ ಘಾಟಿ ಇದೆ. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಕುಸಿದು ಭಾರಿ ವಾಹನ ನಿಂತವು. 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಪಲೆಯಲ್ಲಿ ಗುಡ್ಡ ಜರಿದು ಶಿರಾಡಿ ರಸ್ತೆ ಬಂದ್. ಅದೇ ತಿಂಗಳು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ರೈಲೂ ದಿನಗಟ್ಟಲೆ ನಿಂತಿತು. ಅಂದ ಮೇಲೆ ವಿಳಂಬವೆಲ್ಲ ಪರದೇಶದ್ದೇ ಅನ್ನುವ ಹಾಗಿಲ್ಲ.

ವಿಳಂಬದಿಂದಲೇ ಹುಟ್ಟಿದ ಒಂದು ಕಾಫಿಯೂ ನಮ್ಮಲ್ಲಿದೆ. ಹಾಯಿ ಹಡಗಿನ ಕಾಲದಲ್ಲಿ ಆಫ್ರಿಕಾ ಸುತ್ತಿ ಹೋಗಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕಡಲ ಗಾಳಿಯ ತೇವಕ್ಕೆ ಬೀಜ ಉಬ್ಬಿ, ಬಣ್ಣ ಬಿಳಿಚಿ, ಹುಳಿ ಇಳಿಯುತ್ತಿತ್ತು. ಯೂರೋಪಿನವರಿಗೆ ಆ ರುಚಿಯೇ ಒಗ್ಗಿತು. 1869ರಲ್ಲಿ ಸೂಯೆಜ್ ತೆರೆದು, ಉಗಿ ಹಡಗು ಬಂದು ಪ್ರಯಾಣ ಗಿಡ್ಡವಾದಾಗ ಆ ರುಚಿ ಹೋಯಿತು. ಅದಕ್ಕೇ ಮಳೆಗಾಲದಲ್ಲಿ ಕರಾವಳಿಯ ತೆರೆದ ಗೋದಾಮುಗಳಲ್ಲಿ ಕಾಫಿ ಹರವಿ 'ಮಾನ್ಸೂನ್ಡ್ ಮಲಬಾರ್' ಮಾಡುವ ಕಸುಬು ಬೆಳೆಯಿತು. ಹಾಗಂತ ಎಲ್ಲ ತಡವೂ ಲಾಭವಲ್ಲ. ಅದು ಕಣ್ಣಿಟ್ಟು ಮಾಡುವ ಕೆಲಸ. ಬಿಸಿಲಲ್ಲಿ ನಿಂತ ಕಬ್ಬಿಣದ ಪೆಟ್ಟಿಗೆಯೊಳಗೆ ಹಗಲು ಆವಿ ಎದ್ದು ರಾತ್ರಿ ಹನಿಯಾಗಿ ಚೀಲದ ಮೇಲೆ ಬಿದ್ದರೆ ಬೂಷ್ಟು ಹಿಡಿಯುತ್ತದೆ, ಅಷ್ಟೆ.

ಈಗ ಮುಖ್ಯ ಪ್ರಶ್ನೆ: ಈ ತಡದ ಖರ್ಚು ಯಾರು ಹೊರುತ್ತಾರೆ? ಒಂದು ಲೆಕ್ಕ ಹಾಕೋಣ. ಕ್ಯೂರಿಂಗ್ ಆದ ಕಾಫಿಗೆ ಕಿಲೋಗೆ 400 ರೂಪಾಯಿ ಅಂದುಕೊಂಡರೆ 320 ಚೀಲದ ಪೆಟ್ಟಿಗೆಗೆ ಸುಮಾರು 77 ಲಕ್ಷ. ನೂರಕ್ಕೆ 12ರ ಬಡ್ಡಿಯಲ್ಲಿ ಹದಿನೈದು ದಿನಕ್ಕೆ ಹತ್ತಿರ ಹತ್ತಿರ 38 ಸಾವಿರ. ಕಿಲೋಗೆ ಎರಡು ರೂಪಾಯಿ, 50 ಕಿಲೋಗೆ ನೂರು ರೂಪಾಯಿ. ಬಾಡಿಗೆ ಏರಿದ್ದು, ಬಂದರಿನ ಡೆಮರೇಜು ಬೇರೆ. ರಫ್ತುದಾರ ಇದನ್ನು ಕೈಯಿಂದ ಹಾಕಿಕೊಳ್ಳುತ್ತಾನೆಯೇ? ಕೊಳ್ಳುವ ದರದಲ್ಲಿ ಮುರಿದುಕೊಳ್ಳುತ್ತಾನೆ. ಅವನಿಂದ ವ್ಯಾಪಾರಿ, ವ್ಯಾಪಾರಿಯಿಂದ ನಾವು. "2024ರಲ್ಲಿ ದರ ಏರಿತಲ್ಲ ಮಾರಾಯ್ರೇ" ಅಂತ ಕೆಲವರು ಹೇಳಬಹುದು. ಏರಿತು, ವಿಯೆಟ್ನಾಮಿನ ಬರದಿಂದ ಏರಿತು. ದರ ಏರಿದಾಗ ಇಂಥ ಮುರುಕು ಕಣ್ಣಿಗೆ ಕಾಣುವುದಿಲ್ಲ. 2001ರ ಹೊತ್ತಿನ ಹಾಗೆ ದರ ಬಿದ್ದರೆ ಇದೇ ನೂರು ರೂಪಾಯಿ ಕತ್ತಿಗೆ ಬರುತ್ತದೆ.

ದರಕ್ಕಿಂತ ದೊಡ್ಡದು ದಿನಾಂಕ. ರಾಜ್ಯದ ಶೂನ್ಯ ಬಡ್ಡಿಯ ಬೆಳೆ ಸಾಲದ ಮಿತಿ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಆದರೆ ವಾಯಿದೆಯೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲ. ವ್ಯಾಪಾರಿ "ಹಡಗು ಹೋಗಿಲ್ಲ, ಇನ್ನು ಇಪ್ಪತ್ತು ದಿನ ಕೊಡಿ" ಅಂದರೆ ನಮ್ಮವರು ಒಪ್ಪುತ್ತಾರೆ, ಪರಿಚಯದವರಲ್ಲವೇ. ಅಷ್ಟರಲ್ಲಿ ಸಂಘದ ವಾಯಿದೆ ದಾಟುತ್ತದೆ, ರಿಯಾಯಿತಿ ಹೋಗುತ್ತದೆ, ಹೆಸರು ಸುಸ್ತಿದಾರರ ಪಟ್ಟಿಗೆ ಸೇರುತ್ತದೆ. ಸಾವಿರಾರು ಮೈಲಿ ದೂರದಲ್ಲಿ ಹಡಗು ನಿಂತದ್ದಕ್ಕೆ ಅತ್ತಿಗುಂಡಿಯ ಬೆಳೆಗಾರ ಸುಸ್ತಿದಾರ! ಆ ಹಿರಿಯರ ಪ್ರಶ್ನೆಗೆ ಉತ್ತರ ಇದು.

ಹಡಗು ಓಡಿಸುವುದು ನಮ್ಮ ಕೈಯಲ್ಲಿಲ್ಲ. ಸಂಘದ ಕೈಯಲ್ಲಿ ಏನಿದೆ ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ.

ಒಂದು, ಉತ್ಪನ್ನ ಅಡಮಾನ ಸಾಲ. ಕಾಫಿಯನ್ನು ಸಂಘದ ಗೋದಾಮಿನಲ್ಲಿಟ್ಟು ಅದರ ಮೇಲೆ ಸಾಲ ಪಡೆದು ಬೆಳೆ ಸಾಲದ ವಾಯಿದೆ ತೀರಿಸಿದರೆ ಅವಸರದ ಮಾರಾಟ ತಪ್ಪುತ್ತದೆ. ಇದಕ್ಕೂ ಬಡ್ಡಿ ಇದೆ, ದರ ಇಳಿದರೆ ನಷ್ಟವೂ ಇದೆ. ಬೆಲೆಯ ಪೂರ್ತಿ ಸಾಲ ಕೊಡಬಾರದು. ಗೊಬ್ಬರ ಇಟ್ಟ ಕೋಣೆಯಲ್ಲಿ ಕಾಫಿ ಇಡಲೇಬಾರದು, ವಾಸನೆ ಹತ್ತುತ್ತದೆ. ಬೇರೆ ಕೋಣೆ, ನೆಲಕ್ಕೆ ಹಲಗೆ ಬೇಕು.

ಎರಡು, ತೇವ ಅಳೆಯುವ ಯಂತ್ರ. ಪಾರ್ಚ್‌ಮೆಂಟು ನೂರಕ್ಕೆ 10, ಅರೇಬಿಕಾ ಚೆರ್ರಿ 10.5, ರೊಬಸ್ಟಾ ಚೆರ್ರಿ 11ಕ್ಕೆ ಒಣಗಿರಬೇಕು. ಸರಿಯಾಗಿ ಒಣಗಿದ ಕಾಫಿ ತಿಂಗಳು ಕಾದರೂ ತಡೆಯುತ್ತದೆ; ಹಸಿ ಕಾಫಿ ದಾರಿಯಲ್ಲೇ ಕೆಡುತ್ತದೆ.

ಮೂರು, ಚೀಟಿ. ಯಾರಿಗೇ ಮಾರಿದರೂ ತೂಕ, ದರ, ಹಣ ಕೊಡುವ ದಿನಾಂಕ ಬರೆಸಿ ಸಹಿ ತೆಗೆದುಕೊಳ್ಳಿ. ಸಂಘವೇ ಒಂದು ಮುದ್ರಿತ ನಮೂನೆ ಕೊಡಲಿ. ನಂಬಿಕೆಗೆ ಚೀಟಿ ಅಡ್ಡಿಯಲ್ಲ.

ನಾಲ್ಕು, ಗೊಬ್ಬರ. ಪೊಟ್ಯಾಷಿಗೆ ನಾವು ಹೊರದೇಶವನ್ನೇ ನಂಬಿದ್ದೇವೆ, ಅದೂ ಬಂದರಿನ ಮೂಲಕವೇ ಬರಬೇಕು. ಮಳೆ ಹಿಡಿಯುವ ಮುಂಚಿನ ಗೊಬ್ಬರಕ್ಕೆ ಮೇ ತಿಂಗಳಲ್ಲಿ ಇಂಡೆಂಟು ಹಾಕಿದರೆ ಸಾಲದು. ಫೆಬ್ರವರಿಯಲ್ಲೇ ಸದಸ್ಯರ ಬೇಡಿಕೆ ಪಟ್ಟಿ ಆಗಬೇಕು.

ಇವುಗಳ ಜೊತೆಗೆ, ಕಾಫಿ ಸೀಮೆಯ ಸಾಲದ ವಾಯಿದೆಯನ್ನು ಕಾಫಿಯ ಹಣ ಕೈಗೆ ಬರುವ ಕಾಲಕ್ಕೆ ಹೊಂದಿಸಬೇಕೆಂದು ಜಿಲ್ಲಾ ಬ್ಯಾಂಕಿಗೆ ಈ ಮಹಾಸಭೆಯಿಂದಲೇ ಒಂದು ನಿರ್ಣಯ ಹೋಗಲಿ. ಒಬ್ಬ ಸದಸ್ಯ ಹೋಗಿ ಕೇಳಿದರೆ "ನಿಯಮ ಇಲ್ಲ" ಅನ್ನುತ್ತಾರೆ. ಸಂಘ ಕೇಳಿದರೆ ಕಡತ ತೆರೆಯುತ್ತದೆ. ಹತ್ತು ಸಂಘ ಸೇರಿ ಕೇಳಿದರೆ ನಿಯಮವೇ ತಿದ್ದೀತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ಒಬ್ಬೊಬ್ಬರಿಂದ ಆಗದ್ದನ್ನು ಕೂಡಿ ಮಾಡುವುದಕ್ಕಾಗಿಯೇ.

ಮಾತು ಉದ್ದವಾಯಿತು, ಊಟದ ಹೊತ್ತೂ ಆಗಿದೆ. ನಿರ್ಣಯದ ಕರಡನ್ನು ಕಾರ್ಯದರ್ಶಿಯವರ ಕೈಗೆ ಕೊಟ್ಟಿದ್ದೇನೆ. ಮಧ್ಯಾಹ್ನದ ಸಭೆಯಲ್ಲಿ ಅದು ಚರ್ಚೆಗೆ ಬಂದಾಗ ದಯವಿಟ್ಟು ಎಲ್ಲರೂ ಕೂತಿರಿ, ತಪ್ಪಿದ್ದರೆ ತಿದ್ದಿ, ಸರಿ ಕಂಡರೆ ಕೈ ಎತ್ತಿ.