ನಾಯಿಯ ಹಗ್ಗ ಯಾರ ಕೈಯಲ್ಲಿ?



ನಾಸಿಕದ ಗಂಗಾಪುರ ರಸ್ತೆಯಲ್ಲಾಗಲಿ, ಛತ್ರಪತಿ ಸಂಭಾಜಿನಗರದ ಸಿಡ್ಕೋದಲ್ಲಾಗಲಿ, ಹೋಟೆಲಿನ ಪಾಳಿಗೆ ಮುಂಚೆ ಬಂಗಲೆಯವರ ನಾಯಿ ತಿರುಗಾಡಿಸಿ ನಾಲ್ಕು ಕಾಸು ಗಳಿಸುವ ನಮ್ಮ ಹುಡುಗರಿದ್ದಾರೆ. ತಪ್ಪೇನಿಲ್ಲ; ನಾನೂ ಮಾಡಿದವನೇ. ಒಂದು ಮುಂಜಾವ ನಾನು ಹಿಡಿದಿದ್ದ ರಾಟ್‌ವೀಲರ್ ಹಾಲಿನವನ ಮೀನಖಂಡಕ್ಕೆ ಬಾಯಿ ಹಾಕಿತು. ಧಣಿ ಬಾಗಿಲಲ್ಲೇ ನಿಂತು, "ಹಗ್ಗ ನಿನ್ನ ಕೈಯಲ್ಲಿತ್ತಲ್ಲ" ಎಂದರು. ಆಸ್ಪತ್ರೆಯ ಖರ್ಚು ನನ್ನ ಎರಡು ತಿಂಗಳ ಸಂಬಳ ನುಂಗಿತು.

ಧಣಿಯ ಮಾತು ಪೂರ್ತಿ ಸುಳ್ಳಲ್ಲ, ಅದೇ ಸಂಕಟ. ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಪ್ರಾಣಿ ಯಾರದೆಂದು ಕೇಳುವುದಿಲ್ಲ, ಯಾರ ವಶದಲ್ಲಿತ್ತೆಂದು ಕೇಳುತ್ತದೆ. ಅಲಕ್ಷ್ಯ ಸಿದ್ಧವಾದರೆ ಆರು ತಿಂಗಳವರೆಗೆ ಸಜೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಮೊದಲಾದ 23 ತಳಿಗಳನ್ನು ತಡೆಯಲು ಸುತ್ತೋಲೆ ಹೊರಡಿಸಿತು. ಏಪ್ರಿಲಿನಲ್ಲಿ ನಮ್ಮ ಕರ್ನಾಟಕದ ಹೈಕೋರ್ಟು ಅದನ್ನು ರದ್ದು ಮಾಡಿತು. ಸುತ್ತೋಲೆ ಬಿದ್ದರೂ ಕಲಮು ನಿಂತೇ ಇದೆ.

ಧಣಿಗಳು ನಾಯಿಗೆ ವಿಮೆ ಇಳಿಸಿರಬಹುದು. ಕೆಲವು ಪಾಲಿಸಿಗಳಲ್ಲಿ ಬೇರೆಯವರಿಗಾದ ಗಾಯದ ಪರಿಹಾರವೂ ಉಂಟು. ಆದರೆ ಅದು ಪಾಲಿಸಿ ಪಡೆದ ಧಣಿಯ ರಕ್ಷಣೆಗೆ. ಆದಕಾರಣ ಹಗ್ಗ ಹಿಡಿಯುವ ಮುನ್ನ ಕೇಳಿರಿ: ಸಂಬಳದ ಆಳು ಕರೆದೊಯ್ದಾಗಲೂ ಅದು ನಡೆಯುವುದೇ? ಈ ತಳಿಯನ್ನು ಹೊರಗಿಟ್ಟಿದ್ದಾರೆಯೇ? ಗಾಯದ ಖರ್ಚು ತಮ್ಮದೆಂದು ಧಣಿಗಳು ಒಂದು ಚೀಟಿ ಬರೆದುಕೊಡುವರೇ? ಸಜೆಯನ್ನಂತೂ ಯಾವ ಕಂಪೆನಿಯೂ ನಮ್ಮ ಪರವಾಗಿ ಅನುಭವಿಸದು. ಬಾಯಿಕುಕ್ಕೆ ಹಾಕದೆ ಅಂಥ ನಾಯಿಯನ್ನು ಬೀದಿಗೆ ತರಬೇಡಿರಿ. ಕಚ್ಚಿತೋ, ಗಾಯವನ್ನು 15 ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.

ಪಾಲಿಸಿಯ ನಕಲು ಸಿಕ್ಕರೆ ಭಾನುವಾರ ಸಂಘಕ್ಕೆ ತನ್ನಿರಿ. ನನ್ನ ಇಂಗ್ಲಿಷು ಮಿಡ್ಲ್ ಸ್ಕೂಲಿನದು. ಆದರೂ ನಾಲ್ವರು ಕೂತು ಓದೋಣ.