ಬ್ಯಾಂಡ್ ಕೋಣೆಯ ಒಂದು ವರ್ಷ



ಪ್ರೌಢಶಾಲೆಯ ಬ್ಯಾಂಡ್ ತಂಡವನ್ನು ತಾವು ವರ್ಷಕ್ಕೆ ಎರಡು ದಿನ ನೋಡುತ್ತೀರಿ: ಆಗಸ್ಟ್ 15 ಮತ್ತು ಜನವರಿ 26. ಲೇಜಿಮ್ ಮತ್ತು ಕೋಲಾಟದ ತಂಡವನ್ನು ಶಾಲಾ ವಾರ್ಷಿಕೋತ್ಸವದಲ್ಲಿ ಇನ್ನೊಮ್ಮೆ ನೋಡಿ, ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೀರಿ. ಉಳಿದ ದಿನಗಳಲ್ಲಿ ಈ ಮಕ್ಕಳು ಏನು ಮಾಡುತ್ತಾರೆ ಎಂಬುದನ್ನು ಹೇಳಲು ಅವಕಾಶ ಕೊಟ್ಟಿದ್ದಕ್ಕೆ ವಂದನೆಗಳು.

ತಂಡದ ವರ್ಷ ಆರಂಭವಾಗುವುದು ಜೂನ್‌ನಲ್ಲಿ, ಒಂದು ಹೆಸರುಪಟ್ಟಿಯಿಂದ. ಹತ್ತನೆಯವರು ಬಿಟ್ಟು ಹೋಗಿರುತ್ತಾರೆ. ಎಂಟನೆಯ ತರಗತಿಗೆ ಹೊಸದಾಗಿ ಬಂದವರಲ್ಲಿ ದೊಡ್ಡ ಡ್ರಮ್ ಹೊರಬಲ್ಲ ಹುಡುಗನನ್ನು ಹುಡುಕಬೇಕು. ಹೊರಗೆ ಮಳೆ. ಚರ್ಮದ ಹೊದಿಕೆಯ ಡ್ರಮ್ ಇದ್ದರೆ ತೇವಕ್ಕೆ ಸಡಿಲಗೊಂಡು ನಾದವೇ ಸತ್ತಿರುತ್ತದೆ. ಆದ್ದರಿಂದ ಮೊದಲ ಕೆಲವು ವಾರ ಯಾರೂ ಡ್ರಮ್ ಮುಟ್ಟುವುದಿಲ್ಲ. ಬೆಂಚಿನ ಮೇಲೆ ಎರಡು ಕೋಲು ಹಿಡಿದು ಎಡ, ಬಲ, ಎಡ, ಬಲ ಎಂದು ಹೊಡೆಯುವುದಷ್ಟೆ. ಪಕ್ಕದ ತರಗತಿಯ ಶಿಕ್ಷಕರು ದೂರು ಹೇಳುವುದೂ ಈ ತಿಂಗಳಲ್ಲೇ!

ಶೀಘ್ರ ನಡೆಗೆ ನಿಮಿಷಕ್ಕೆ 120 ಹೆಜ್ಜೆ. ದೊಡ್ಡ ಡ್ರಮ್ಮಿನ ಪೆಟ್ಟು ಎಡಗಾಲು ನೆಲ ಮುಟ್ಟುವಾಗಲೇ ಬೀಳಬೇಕು. ಹುಮ್ಮಸ್ಸಿನಲ್ಲಿ ಹುಡುಗ ತುಸು ವೇಗ ಹೆಚ್ಚಿಸಿದರೆ ಹಿಂದಿನ ಇಡೀ ಶಾಲೆ ಓಡತೊಡಗುತ್ತದೆ. ಹೀಗಾಗಿ ಎಲ್ಲರಿಗಿಂತ ಜೋರಾಗಿ ಹೊಡೆಯುವವನು ಎಲ್ಲರಿಗಿಂತ ಹೆಚ್ಚು ಕೇಳಿಸಿಕೊಳ್ಳಬೇಕಾಗುತ್ತದೆ. ತರಗತಿಯಲ್ಲಿ ಐದು ನಿಮಿಷ ಸುಮ್ಮನೆ ಕೂರದ ಹುಡುಗ ಇಲ್ಲಿ ಮುಕ್ಕಾಲು ಗಂಟೆ ಕಿವಿಗೊಟ್ಟು ನಿಲ್ಲುವುದನ್ನು ನಾನು ನೋಡಿದ್ದೇನೆ. ಅಭ್ಯಾಸವಿರುವ ದಿನ ಅವನ ಹಾಜರಿ ತಪ್ಪುವುದಿಲ್ಲ. ಗ್ಯಾರೇಜಿಗೆ ಕೆಲಸಕ್ಕೆ ಹೋಗಿ ಶಾಲೆ ತಪ್ಪಿಸುವ ಮಕ್ಕಳ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ಎರಡು ಭಾಷೆ ಕಲಿಸುವವನಾದ್ದರಿಂದ ಇಲ್ಲೊಂದು ಮಾತು. ನಾವು ಕನ್ನಡದಲ್ಲಿ ಹೇಳುವ ಕವಾಯತು ಅರಬಿಯ ‘ಕವಾಯಿದ್’. ಕಾಯಿದೆ ಎಂಬ ಶಬ್ದದ ಬಹುವಚನ ಅದು. ಉರ್ದುವಿನಲ್ಲಿ ಕವಾಯಿದ್ ಎಂದರೆ ವ್ಯಾಕರಣವೂ ಹೌದು. ಲೇಜಿಮ್ ಎಂಬ ಹೆಸರು ಪಾರಸಿಯಿಂದ ಬಂದದ್ದು, ನಗಾರಿ ನಮ್ಮ ನಕ್ಕಾರಾ. ಬ್ಯಾಂಡ್ ಎಂದರೆ ಇಂಗ್ಲಿಷರ ಅನುಕರಣೆ ಎಂದು ಕೆಲವು ಹಿರಿಯರು ಹೇಳುತ್ತಾರೆ. ಆದರೆ ಯುರೋಪಿನ ಸೇನೆಗಳು ದೊಡ್ಡ ಡ್ರಮ್ ಮತ್ತು ಕಂಚಿನ ತಾಳಗಳನ್ನು 18ನೆಯ ಶತಮಾನದಲ್ಲಿ ತುರ್ಕಿಯ ಉಸ್ಮಾನಿ ಸೈನ್ಯದ ‘ಮೆಹ್ತರ್’ ವಾದ್ಯಮೇಳದಿಂದ ಕಲಿತವು. ಆ ವಾದ್ಯಗಳ ಬಳಗಕ್ಕೆ ಅಲ್ಲಿ ತುರ್ಕಿ ಸಂಗೀತವೆಂದೇ ಹೆಸರಿತ್ತು.

ವಾದ್ಯ ಹಾಗೂ ನೃತ್ಯದ ವಿಷಯದಲ್ಲಿ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ, ಅದನ್ನು ತೀರ್ಮಾನಿಸುವ ಅರ್ಹತೆ ನನ್ನದಲ್ಲ. ಹಬ್ಬದ ದಿನ ಹಜರತ್ ಆಯಿಶಾ(ರ)ರ ಮನೆಯಲ್ಲಿ ಬಾಲೆಯರು ದಫ್ ಬಾರಿಸಿ ಹಾಡಿದ್ದನ್ನೂ, ಮದೀನಾದ ಮಸೀದಿಯಲ್ಲಿ ಹಬ್ಶಿಗಳು ಈಟಿಯಾಟ ಆಡಿದ್ದನ್ನೂ ಪ್ರವಾದಿವರ್ಯರು(ಸ) ತಡೆಯಲಿಲ್ಲ ಎಂಬುದು ಹದೀಸ್ ಓದಿದವರಿಗೆಲ್ಲ ತಿಳಿದದ್ದೆ. ಮನಸ್ಸಿಗೆ ಒಪ್ಪದ ಪಾಲಕರ ಮಕ್ಕಳನ್ನು ತಂಡಕ್ಕೆ ಸೇರಿಸಬಾರದು. ಅದರಲ್ಲಿ ಜಗಳವಿಲ್ಲ.

ಆಗಸ್ಟ್ ಕಳೆದ ಮೇಲೆ ಪ್ರತಿಭಾ ಕಾರಂಜಿ. ಜಾನಪದ ನೃತ್ಯ, ಕೋಲಾಟ ಇರುವಂತೆ ಕವ್ವಾಲಿ, ಗಜಲ್, ಅರೇಬಿಕ್ ಪಠಣಗಳೂ ಅಲ್ಲಿವೆ. ಕೋಲಾಟದಲ್ಲಿ ಕೋಲು ತಪ್ಪಿದವಳಿಗೆ ಪಕ್ಕದವಳ ಬೆರಳೇ ಪಾಠ ಹೇಳುತ್ತದೆ. ನವೆಂಬರ್ 1ಕ್ಕೆ ರಾಜ್ಯೋತ್ಸವ, ನಂತರ ವಾರ್ಷಿಕೋತ್ಸವ, ಗಣರಾಜ್ಯೋತ್ಸವ. ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಬಂತೆಂದರೆ ಕೋಣೆಗೆ ಬೀಗ. ಎಸ್ಸೆಸ್ಸೆಲ್ಸಿಯ ಅಂಕಗಳಲ್ಲಿ ಡ್ರಮ್ಮಿಗೆ ಒಂದು ಅಂಕವೂ ಇಲ್ಲವಲ್ಲ! ಆ ಬೀಗದ ಬಗ್ಗೆ ನನಗೆ ಆಕ್ಷೇಪವಿಲ್ಲ.

ನನ್ನ ಚಿಂತೆ ಜೂನ್ ತಿಂಗಳ ಪಟ್ಟಿಯದು. ಎಂಟನೆಯ ತರಗತಿಯಲ್ಲಿದ್ದ ಹುಡುಗಿಯರ ಹೆಸರು ಒಂಬತ್ತನೆಯಲ್ಲಿ ಒಂದೊಂದಾಗಿ ಬಿಟ್ಟುಹೋಗುತ್ತದೆ. ಲೇಜಿಮ್ ತಂಡದ ಮುಂದಾಳಾಗಿದ್ದ ಒಬ್ಬ ಬಾಲಕಿಯ ತಂದೆ ಶಾಲೆ ತೆರೆದ ವಾರವೇ ಬಂದು, “ಮಾಸ್ತರರೆ, ಇವಳ ಹೆಸರು ತೆಗೆಯಿರಿ” ಎಂದರು. ಧರ್ಮದ ಕಾರಣವಿರಬಹುದೆಂದು ನಾನು ಭಾವಿಸಿದೆ. ಕೂತು ಮಾತಾಡಿದಾಗ ತಿಳಿಯಿತು: ಅಭ್ಯಾಸ ಮುಗಿಯುವುದು ಐದೂವರೆಗೆ, ಬಸ್ಸು ಸಿಗುವುದು ಆರಕ್ಕೆ, ಇಳಿದ ಮೇಲೆ ದೀಪವಿಲ್ಲದ ದಾರಿ. ಇನ್ನೊಂದು, ರಸ್ತೆಯ ಕಡೆ ಬೇಲಿಯಿಲ್ಲದ ಮೈದಾನ. ಇವೆರಡರಲ್ಲಿ ಫತ್ವಾ ಕೇಳುವಂಥದ್ದು ಏನಿದೆ, ಹೇಳಿ? ಹುಡುಗಿಯರ ಅಭ್ಯಾಸವನ್ನು ಶನಿವಾರ ಬೆಳಗಿನ ಶಾಲೆ ಬಿಟ್ಟ ಕೂಡಲೇ, ಒಳ ಅಂಗಳದಲ್ಲಿ, ಶಿಕ್ಷಕಿಯೊಬ್ಬರ ಜೊತೆಯಲ್ಲಿ ಇಟ್ಟೆವು. ಸಲ್ವಾರ್ ಕಮೀಜ್, ತಲೆಗೆ ದುಪಟ್ಟಾ ಇದ್ದರೆ ಲೇಜಿಮ್ಮಿಗೆ ಯಾವ ಅಡ್ಡಿಯೂ ಇಲ್ಲ. ಆಕೆ ಆ ವರ್ಷವೂ ಸಾಲಿನ ಮುಂದೆ ನಿಂತಳು. ಆದರೆ ಕೇಳದೆಯೇ ಬಿಟ್ಟುಹೋದವರು, ಅವರೊಡನೆ ಕೂತು ಮಾತಾಡುವವರೂ ಇಲ್ಲದವರು ಎಷ್ಟು ಶಾಲೆಗಳಲ್ಲಿ ಎಷ್ಟು ಮಂದಿಯೋ?

ಪಾಲಕರಲ್ಲಿ ನನ್ನ ವಿನಂತಿ: ಹೆಸರು ತೆಗೆಸುವ ಮೊದಲು ಕಾರಣವನ್ನು ಬಾಯಿ ಬಿಟ್ಟು ಹೇಳಿ. ವಿದ್ಯಾರ್ಥಿನಿಯರೆ, ನಿಮ್ಮ ಕಷ್ಟ ಏನೆಂದು ನಿಮ್ಮ ಶಿಕ್ಷಕಿಗೆ ಚೀಟಿಯಲ್ಲಾದರೂ ಬರೆದು ಕೊಡಿ. ಪದಾಧಿಕಾರಿಗಳಿಗೆ: ಹೊಸ ಸಮವಸ್ತ್ರಕ್ಕೂ ಜರತಾರಿ ಪಟ್ಟಿಗೂ ದೇಣಿಗೆ ಸುಲಭವಾಗಿ ಬರುತ್ತದೆ, ಫೋಟೋದಲ್ಲಿ ಕಾಣುತ್ತದಲ್ಲ! ಈ ಸಲ ಅದನ್ನು ಬದಿಗಿಟ್ಟು, ಅಂಗಳಕ್ಕೊಂದು ತಗಡಿನ ಮಾಡು, ಮೈದಾನಕ್ಕೊಂದು ಗೋಡೆ ಮತ್ತು ಅಭ್ಯಾಸದ ದಿನ ಮಕ್ಕಳನ್ನು ಬಸ್ ನಿಲ್ದಾಣದವರೆಗೆ ಕರೆದೊಯ್ಯಲು ಒಬ್ಬ ಆಯಾ, ಇಷ್ಟನ್ನು ಜೂನ್‌ಗೆ ಮುಂಚೆ ಮಾಡಿಕೊಡಬೇಕೆಂದು ಕೋರುತ್ತೇನೆ. ಹೊಸ ಪಟ್ಟಿ ಬರೆಯುವುದು ಶಾಲೆ ತೆರೆದ ಎರಡನೆಯ ವಾರ.